ಎರಡು ಗೂಡು, ಒಂದೇ ಬಕೆಟ್ಟು

ತಾನ್ ಹೋವಾ, ಕಾವ್ ಲಾನ್ ಹತ್ತಿರ
ಮಾರ್ಚ್ 14, ಶುಕ್ರವಾರ ಮಧ್ಯಾಹ್ನ

ನನ್ನ ಮುದ್ದು ಮಿಯೆನ್,

ಕಾಲಿನ ಊತ ಇಳಿಯಿತೇನೇ? ಏಳನೇ ತಿಂಗಳಲ್ಲಿ ನನಗೂ ಹಾಗೇ ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ನಿಮ್ಮ ದಾ ಲಾತ್‌ನ ಚಳಿಯಲ್ಲಿ ಬರಿಗಾಲಲ್ಲಿ ಓಡಾಡಬೇಡ. ಮಗು ಒದೆಯುತ್ತದೆಯೇ? ಒದೆಯಲಿ ಬಿಡು, ನೀನು ಒದ್ದಷ್ಟು ನನ್ನನ್ನು ಇನ್ಯಾರೂ ಒದ್ದಿಲ್ಲ. ಅಳಿಯ ವಿನ್ ಹೂದೋಟದ ಕೆಲಸ ಮುಗಿಸಿ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾನೆಯೇ? ನಿನ್ನ ಅತ್ತೆಯವರ ಮಂಡಿನೋವು ಹೇಗಿದೆ? ಅವರನ್ನು ಕೇಳಿದೆನೆಂದು ಹೇಳು.

ಫೋನ್ ಇರುವಾಗ ಅಮ್ಮನಿಗೆ ಇದೇನು ಕಾಗದದ ಹುಚ್ಚು ಎಂದುಕೊಳ್ಳುತ್ತೀಯ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ರೇಗುತ್ತೇನೆ, ಮಾತು ಎಲ್ಲಿಗೋ ಹೋಗಿಬಿಡುತ್ತದೆ. ಅದೂ ಅಲ್ಲದೆ, ಈ ಒಂದು ತಿಂಗಳಲ್ಲಿ ಮೂರು ಸಲ ಫೋನಿನಲ್ಲೇ ನಿನಗೆ ಸುಳ್ಳು ಹೇಳಿದ್ದೇನೆ. ನಾಲ್ಕನೆಯ ಸಲವೂ ಹೇಳಿಬಿಟ್ಟೇನು ಎಂಬ ಹೆದರಿಕೆಗೆ ಪೆನ್ನು ಹಿಡಿದಿದ್ದೇನೆ.

ನಿನ್ನ ಅಣ್ಣ ತಿನ್‌ನ ಮಗುವಿಗೆ ನೆಗಡಿ ಅಂದಿದ್ದೆನಲ್ಲ, ಅದು ನೆಗಡಿ ಅಲ್ಲ ಕಣೇ. ಹುಟ್ಟಿದ ಒಂಬತ್ತನೇ ದಿನ ನಮ್ಮ ಸೀಗಡಿಮರಿ ಹಾಲು ಕುಡಿಯುವುದನ್ನು ಬಿಟ್ಟಿತು. (ಇಷ್ಟು ಚೆಂದದ ಕೂಸಿಗೆ ದೃಷ್ಟಿ ಬೀಳದಿರಲೆಂದು ನಾನೇ ಇಟ್ಟ ಅಡ್ಡಹೆಸರು, ನೀನು ನಕ್ಕಿದ್ದೆ.) ಮೈ ಕೆಂಡದಂತೆ ಸುಟ್ಟು, ಆಮೇಲೆ ತಣ್ಣಗಾಗಿ, ಅಳುವುದನ್ನೂ ಬಿಟ್ಟಿತು. ರಕ್ತಕ್ಕೇ ನಂಜು ಏರಿತ್ತು. ಆಸ್ಪತ್ರೆಯಲ್ಲಿ ಇಪ್ಪತ್ತಾರು ದಿನ ಇದ್ದು ಮೊನ್ನೆ ಮಂಗಳವಾರ ಮನೆಗೆ ಬಂದಿದೆ. ಬದುಕಿದೆ, ಹಾಲು ಕುಡಿಯುತ್ತದೆ, ಎದೆ ಹೊಡೆದುಕೊಳ್ಳಬೇಡ. ಆದರೆ ಕೊನೆಗೆ ಕೊಟ್ಟ ಔಷಧಿ ಬಲು ಜೋರಿನದಂತೆ, ಮೂತ್ರಪಿಂಡಕ್ಕೆ ಪೆಟ್ಟಾಗಿದೆಯೋ ಏನೋ ಎಂದು ತಿಂಗಳು ತಿಂಗಳು ತೋರಿಸಬೇಕು. ನಿನಗೆ ಹೇಳಬೇಡವೆಂದು ತಿನ್‌ನ ಬಾಯಿಗೂ ಬೀಗ ಹಾಕಿದವಳು ನಾನೇ.

ಈಗ ನಾಚಿಕೆಯ ಮಾತಿಗೆ ಬರುತ್ತೇನೆ. ನಮ್ಮ ಮನೆಯ ಎರಡು ಗೂಡು ನಿನಗೆ ಗೊತ್ತೇ ಇದೆ. ಕಾಲುವೆಯ ಕಡೆಗೆ ಮಾರುವ ಗೂಡು, ಆರುನೂರು ಕೋಳಿ; ಅಡಿಗೆಮನೆಯ ಹಿಂದೆ ಮನೆ ಗೂಡು, ಹದಿನೈದು. ಮಾರುವ ಕೋಳಿಗೆ ದಿನಾ ಬೆಳಿಗ್ಗೆ ನೀರಿಗೆ ಔಷಧಿಯ ಪುಡಿ. ರೋಗ ಬಂದದ್ದಕ್ಕಲ್ಲ, ಬರಬಾರದೆಂದು. ಮನೆಯ ಕೋಳಿಗೆ ಬರೀ ಅಕ್ಕಿ, ಬಾಳೆದಿಂಡು. ಊರೆಲ್ಲ ಹೀಗೇ, ನಾನೊಬ್ಬಳೇ ಅಲ್ಲ. ಆದರೆ ಊರಿಗಿಂತ ಒಂದು ಕೈ ಹೆಚ್ಚಾಗಿ ಜಂಬ ಕೊಚ್ಚಿಕೊಂಡವಳು ನಾನು. ಬಾಣಂತಿಯರ ಮನೆಗೆ ಮೊಟ್ಟೆ ಕೊಟ್ಟು, "ಕಣ್ಣು ಮುಚ್ಚಿಕೊಂಡು ತಿನ್ನು, ಇದು ಈ ಸೆನ್‌ಳ ಮನೆ ಗೂಡಿಂದು" ಎನ್ನುತ್ತಿದ್ದೆ. ಮಾರುವ ಕೋಳಿ ತಿನ್ನುವವರೂ ಯಾರದೋ ಮಕ್ಕಳೇ ಎಂದು ಒಂದು ದಿನವೂ ಅನ್ನಿಸಲಿಲ್ಲ ನೋಡು.

ನೀನು ಕಾನ್ ತೋದಲ್ಲಿ ಕೃಷಿ ಓದುವಾಗ ರಜೆಗೆ ಬಂದು ಹೇಳಿದ್ದೆ, "ಅಮ್ಮಾ, ಗೂಡು ಎರಡಾದ್ರೆ ಏನು ಬಂತು, ನಿನ್ನ ಬಕೆಟ್ಟು ಒಂದೇ ಅಲ್ವಾ?" ಅಂತ. ನಾನು ಏನಂದೆ ಗೊತ್ತಲ್ಲ. "ಬಂದ್ಬಿಟ್ಲು ಕೋಳಿ ಪಂಡಿತೆ! ಎರಡು ವರ್ಷ ಪುಸ್ತಕ ಹಿಡ್ಕೊಂಡು ಅಮ್ಮಂಗೆ ಬಕೆಟ್ಟು ತೊಳೆಯೋದು ಕಲಿಸ್ತಾಳೆ!" ಪಕ್ಕದ ಮನೆಯವರಿಗೆಲ್ಲ ಕೇಳುವ ಹಾಗೆ ಅಂದೆ. ನೀನು ತಟ್ಟೆ ಬಿಟ್ಟು ಎದ್ದುಹೋದೆ. ಆ ಕೆಂಪು ಬಕೆಟ್ಟಿನಲ್ಲೇ ಪುಡಿ ಕಲಸುವುದು, ಅದರಲ್ಲೇ ಮನೆ ಗೂಡಿಗೆ ನೀರು, ಅದರಲ್ಲೇ ಸೊಪ್ಪಿನ ಮಡಿಗೆ. ಅದೇ ಕೈಯಲ್ಲಿ ನಾನು ಲುವಾಳ ಬಾಣಂತನ ಮಾಡಿದ್ದು. ಪಾಪ, ತಾಯಿಯಿಲ್ಲದ ಸೊಸೆ ಎಂದು ಮಂಚದಡಿ ಕೆಂಡ ಇಟ್ಟು, ಕರಿಮೆಣಸು ಹಾಕಿ ಹಂದಿಮಾಂಸ ಹುರಿದು, ಮನೆ ಗೂಡಿನ ಕೋಳಿ ಬೇಯಿಸಿ, ಕೂಸಿಗೆ ಎರಡು ಹೊತ್ತು ಎರೆದೆ.

ಆಸ್ಪತ್ರೆಗೆ ಹೋದ ದಿನ ಡಾಕ್ಟರ್ ದಿಯೆಪ್ ಎನ್ನುವ ಹುಡುಗಿ, ನಿನ್ನ ವಯಸ್ಸಿನವಳೇ ಇರಬೇಕು, ನೇರವಾಗಿ ನನ್ನನ್ನೇ ಕೇಳಿದಳು: "ಅಜ್ಜಿ, ಮನೇಲಿ ಕೋಳಿ ಸಾಕ್ತೀರಾ? ಔಷಧಿ ಹಾಕ್ತೀರಾ? ಹೇಳಿದ್ರೆ ಮಗೂಗೆ ಯಾವ ಔಷಧಿ ಶುರು ಮಾಡ್ಬೇಕು ಅಂತ ಗೊತ್ತಾಗುತ್ತೆ." ಹಿಂದೆ ಲುವಾಳ ಚಿಕ್ಕಮ್ಮ ನಿಂತಿದ್ದಳು. ಅವಳಿಗೆ ತಾನೇ ಹಿಂದಿನ ವಾರ ಎರಡು ಡಜನ್ ಮೊಟ್ಟೆ ಕೊಟ್ಟು ನನ್ನ ಗೂಡನ್ನು ಹೊಗಳಿಕೊಂಡಿದ್ದು! ನನ್ನ ನಾಲಿಗೆ ತಾನಾಗಿಯೇ ಹೊರಳಿತು. "ಛೆ ಛೆ, ನಮ್ಮನೆ ಕೋಳಿ ಅಕ್ಕಿ ಬಿಟ್ರೆ ಬೇರೆ ಏನೂ ಮೂಸಲ್ಲ" ಅಂದೆ. ತಿನ್‌ಗೆ ಎಲ್ಲ ಗೊತ್ತು, ಆದರೂ ನನ್ನ ಮಾತನ್ನು ತಿದ್ದಲಿಲ್ಲ. ಅಮ್ಮನ ಮರ್ಯಾದೆ ಕಳೆಯಬಾರದಲ್ಲ ಅವನಿಗೆ.

ಆ ಹುಡುಗಿ ನನ್ನ ಮಾತು ನಂಬಿ ಎಲ್ಲ ಮಕ್ಕಳಿಗೆ ಕೊಡುವ ಔಷಧಿಯನ್ನೇ ಕೊಟ್ಟಳು. ಅದು ಹಿಡಿಯಲಿಲ್ಲ. ಮಾರನೆಯ ದಿನ ಇನ್ನೊಂದು ಕೊಟ್ಟಳು, ಅದೂ ಹಿಡಿಯಲಿಲ್ಲ. ನಾಲ್ಕನೆಯ ದಿನ ರಕ್ತದ ಪರೀಕ್ಷೆ ಬಂದ ಮೇಲೆ ಗೊತ್ತಾಯಿತು, ಮಗುವಿನೊಳಗಿನ ರೋಗಾಣುವಿಗೆ ನನ್ನ ಪುಡಿಯ ಜಾತಿಯ ಔಷಧಿ ಯಾವುದೂ ನಾಟುವುದಿಲ್ಲ ಅಂತ. ಮೂರು ದಿನ ಮಿಯೆನ್. ಅಂಗೈಯಗಲದ ಜೀವ ಮೂರು ದಿನ ಬರಿಯ ನೀರನ್ನು ಏರಿಸಿಕೊಂಡ ಹಾಗೆ ಮಲಗಿತ್ತು, ನಾನು ಬಾಗಿಲಲ್ಲಿ ಕೂತು ಅಮ್ಮನವರಿಗೆ ಹರಕೆ ಹೊರುತ್ತಿದ್ದೆ. ಎದ್ದು ಹೋಗಿ ನಿಜ ಹೇಳಲು ಹತ್ತು ಹೆಜ್ಜೆ ಸಾಕಿತ್ತು.

ಆಮೇಲೆ ಆಸ್ಪತ್ರೆಯವರು ಊರಿಗೇ ಬಂದರು. ಹತ್ತಿ ಸುತ್ತಿದ ಕಡ್ಡಿ ಹಿಡಿದು ಕೋಳಿ, ಬಾತು, ಕಾಲುವೆ, ಸೊಪ್ಪು, ಕೊನೆಗೆ ನಮ್ಮ ಮಲವನ್ನೂ ಬಿಡಲಿಲ್ಲ. ಎಲ್ಲದರಲ್ಲೂ ಔಷಧಿ ನಾಟದ ರೋಗಾಣು ಸಿಕ್ಕಿತು. ಮನೆ ಗೂಡಿನ ಹದಿನೈದರಲ್ಲಿ ಹನ್ನೊಂದಕ್ಕೆ, ನನ್ನ ಹೊಟ್ಟೆಯಲ್ಲೂ. ದಿಯೆಪ್ ಕೂತು ಬಿಡಿಸಿ ಹೇಳಿದಳು: "ಔಷಧಿ ತಡೆಯೋ ವಿದ್ಯೆ ಇರೋ ರೋಗಾಣು ಅದನ್ನ ಪಕ್ಕದ್ದಕ್ಕೂ ದಾಟಿಸುತ್ತೆ ಅಜ್ಜಿ, ಬೇರೆ ಜಾತಿದಾದ್ರೂ ಸರಿ. ಕೋಳಿಯಿಂದ ಕಾಲುವೆಗೆ, ಸೊಪ್ಪಿಗೆ, ನಿಮಗೆ. ಕೋಳಿ ಲಾರಿ ಹತ್ತಿ ಸೈಗಾನ್‌ಗೆ ಹೋದ್ರೆ ಅದೂ ಹೋಗುತ್ತೆ. ದೇಶದ ತುಂಬ ಹೀಗೇ ಹಬ್ಬಿರೋದು." ನಾನು ಅಳುವ ಬದಲು ಏನೋ ಹೇಳಿದೆ, "ನಮ್ಮ ಪಕ್ಕದ ಮನೆಯವಳು ಮೂವತ್ತು ವರ್ಷದಿಂದ ಮೀನಿನ ಸಾರಿನ ಗುಟ್ಟು ಬಿಟ್ಟುಕೊಟ್ಟಿಲ್ಲ, ಇವು ಭಾರಿ ಧಾರಾಳಿಗಳಮ್ಮ" ಅಂತ. ಅವಳು ನಗಲಿಲ್ಲ. ಮಗುವಿಗೆ ನನ್ನ ಕೈಯಿಂದಲೇ ಹೋಯಿತಾ ಎಂದು ಕೇಳಿದೆ. "ಅದನ್ನ ಯಾರೂ ಹೇಳೋಕಾಗಲ್ಲ, ಊರಲ್ಲೇ ಇದೆ" ಅಂದಳು. ಅಲ್ಲ ಎಂದೂ ಹೇಳಲಿಲ್ಲ. ಮೂರು ದಿನದ ವಿಷಯ ಅವಳು ಎತ್ತಲೇ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಈಗ ಪುಡಿ ನಿಲ್ಲಿಸಿದ್ದೇನೆ. ಎಪ್ಪತ್ತು ಕೋಳಿ ಸತ್ತವು. ಕೋಳಿ ಕೊಳ್ಳುವ ಲಾಮ್ ಬೇಲಿಯಾಚೆಯಿಂದ, "ಏನ್ರಿ ಸೆನಕ್ಕ, ಕೋಳಿಗೂ ಉಪವಾಸ ವ್ರತ ಹಿಡಿಸಿದ್ರಾ?" ಎಂದು ಗೇಲಿ ಮಾಡುತ್ತಾನೆ. ನಾನೂ ಬಾಯಿಗೆ ಬಂದದ್ದು ಅನ್ನುತ್ತೇನೆ, ಆದರೆ ಮೊದಲಿನ ಜೋರು ಇಲ್ಲ. ಲುವಾ ನನಗೆ ಒಂದು ಮಾತೂ ಅಂದಿಲ್ಲ. ಕೂಸನ್ನು ಎತ್ತಿಕೊಳ್ಳಲು ಹೋದರೆ ಮಾತ್ರ, "ಅತ್ತೆ, ಕೈ" ಎನ್ನುತ್ತಾಳೆ. ಸೋಪು ಹಾಕಿ ತೊಳೆದು ಬರುತ್ತೇನೆ. ಬಂದು ಮತ್ತೆ ತೊಳೆಯುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು, ಭಾರ ಎತ್ತಬೇಡ. ನಿನ್ನನ್ನೂ ನಿನ್ನ ಹೊಟ್ಟೆಯಲ್ಲಿರುವುದನ್ನೂ ಅಜ್ಜ ಅಜ್ಜಿಯರ ಆತ್ಮಗಳು ಕಾಯಲಿ. ನನ್ನ ಆಯಸ್ಸಿನಲ್ಲಿ ಉಳಿದಿರುವುದೆಲ್ಲ ನಿಮಗೇ ಇರಲಿ.

ನಿನ್ನ ಅಮ್ಮ,
ಸೆನ್

ಮರೆತೆ ಎಂದುಕೊಳ್ಳಬೇಡ, ಬರೆಯಲು ಧೈರ್ಯ ಬರಲಿಲ್ಲ, ಅಂಚೆಯವನು ಹೊರಗೆ ನಿಂತಿದ್ದಾನೆ: ಹೆರಿಗೆಗೆ ಇಲ್ಲಿಗೆ ಬರಬೇಡ. ಬಾ ಬಾ ಎಂದು ಪ್ರಾಣ ತಿಂದವಳು ನಾನೇ, ಮಂಚವನ್ನೂ ಕಟ್ಟಿಸಿಟ್ಟಿದ್ದೇನೆ, ಆದರೂ ಬರಬೇಡ. ಟೆಟ್ ಹಬ್ಬಕ್ಕೆ ಬಂದಾಗ ಹತ್ತು ದಿನ ನನ್ನ ಕೈಯಡಿಗೆ ಉಂಡಿದ್ದೀಯ, ನನ್ನ ಹೊಟ್ಟೆಯಲ್ಲಿರುವುದು ನಿನ್ನಲ್ಲೂ ಇರಬಹುದು. ಪುಡಿಯ ಪೊಟ್ಟಣದ ಚೀಟಿಗಳನ್ನು ಕಿತ್ತು ಈ ಹಾಳೆಯ ಹಿಂದೆ ಅಂಟಿಸಿದ್ದೇನೆ, ನಾಲ್ಕು ಬಗೆಯವೂ. ಕಾಗದ ಕೈಸೇರಿದ ದಿನವೇ ನಿನ್ನ ಡಾಕ್ಟರಿಗೆ ತೋರಿಸು. ನಮ್ಮಮ್ಮ ಕೋಳಿಗೆ ಇವನ್ನೆಲ್ಲ ಹಾಕುತ್ತಿದ್ದಳು ಎಂದು ನಿನ್ನ ಅತ್ತೆಯ ಎದುರಿಗೇ ಹೇಳು, ನನ್ನ ಮರ್ಯಾದೆ ನೋಡಬೇಡ. ಅವರು ಕೇಳುವ ಮೊದಲೇ ಹೇಳು. ನನ್ನನ್ನು ಕೇಳಿದ್ದರು, ಆದರೂ ನಾನು ಹೇಳಲಿಲ್ಲ.