ಎಡಕ್ಕೆ ಗೋಪುರ, ಬಲಕ್ಕೆ ನದಿ

ವಿದ್ಯಾರ್ಥಿನಿಲಯ, ಮೂರನೇ ಮಹಡಿ
ಭಾನುವಾರ, ಮಾರ್ಚ್ ೯

ಪೂಜ್ಯ ಅಜ್ಜನ ಪಾದಗಳಿಗೆ ಮೊಮ್ಮಗನ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಅಂಗಡಿಯ ಮೆಟ್ಟಿಲು ಹತ್ತುವಾಗ ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತೀರಿ ತಾನೆ? ನನ್ನ ಕೆಮ್ಮು ವಾಸಿಯಾಗಿದೆ, ಊಟ ಸೇರುತ್ತಿದೆ, ಚಿಂತೆ ಬೇಡ. ಮನೆಗೆ ಬರೆಯದೆ ಕನ್ನಡಕದ ಅಂಗಡಿಯ ವಿಳಾಸಕ್ಕೆ ಬರೆದಿದ್ದಾನಲ್ಲ ಎಂದು ಹುಬ್ಬೇರಿಸಿರುತ್ತೀರಿ. ಮನೆಗೆ ಬಂದ ಪತ್ರವನ್ನು ನೀವು ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತೀರಿ, ನಡುನಡುವೆ "ನಾನು ಅಲ್ಲಿದ್ದಾಗ" ಎಂದು ನಿಮ್ಮದೂ ನಾಲ್ಕು ಮಾತು ಸೇರಿಸುತ್ತೀರಿ. ಇದನ್ನು ಹಾಗೆ ಓದಬೇಡಿ. ಗಿರಾಕಿಗಳೆಲ್ಲ ಹೋದ ಮೇಲೆ ಒಬ್ಬರೇ ಕೂತು ಓದಿ.

ತಂಗಿಯ ಪತ್ರ ಬಂತು. ಇಲ್ಲಿಯ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಅಪ್ಪ ಹೋದ ಮೇಲೆ ಪೋಷಕರು ನೀವೇ ಆದ್ದರಿಂದ ಅರ್ಜಿಗೆ ನಿಮ್ಮ ಸಹಿ ಬೇಕು, ನೀವು ಎರಡು ಸಲ ಹಾಗೇ ಹಿಂದಕ್ಕೆ ಕೊಟ್ಟಿರಿ ಎಂದು ಬರೆದಿದ್ದಾಳೆ. "ಸಮುದ್ರದಾಚೆಯ ಆ ಊರು ನಾನು ಎರಡು ವರ್ಷ ಇದ್ದು ಕಂಡೋನು. ಹೆಣ್ಮಕ್ಕಳು ಕಾಲಿಡೋ ಜಾಗ ಅಲ್ಲ ಅದು" ಅಂದಿರಂತೆ. ನನ್ನ ಅರ್ಜಿಗಾದರೆ ಕನ್ನಡಕ ಕೂಡ ಹಾಕಿಕೊಳ್ಳದೆ ಸಹಿ ಮಾಡಿದ್ದಿರಿ. ಊರು ಕಂಡವರಿಗೆ ಎದುರಾಡುವವರು ನಮ್ಮ ಮನೆಯಲ್ಲಿ ಯಾರಿದ್ದಾರೆ? ಅಮ್ಮ ಅರ್ಜಿಯನ್ನು ಮಡಿಸಿಟ್ಟಳು, ಅಜ್ಜಿ ಎಂದಿನಂತೆ ತಲೆಯಾಡಿಸಿದಳು. ತಂಗಿ ಅಳುತ್ತಲೇ ಬರೆದಿರಬೇಕು, ಅಲ್ಲಲ್ಲಿ ಶಾಯಿ ಹರಡಿದೆ. ಅರ್ಜಿ ತಲುಪಲು ಏಪ್ರಿಲ್ ಹದಿನೈದು ಕಡೆಯ ದಿನ.

ಅದಿರಲಿ, ನಿನ್ನೆಯ ಸುದ್ದಿ ಕೇಳಿ. ರಾತ್ರಿ ಬಂದಿಳಿದಾಗಿನಿಂದ ಕೆಮ್ಮು, ಓದು ಎಂದು ನಾನು ಊರು ನೋಡಿಯೇ ಇರಲಿಲ್ಲ, ನಾವು ಮೂವರು ಸ್ನೇಹಿತರು ಮೊದಲ ಸಲ ಊರು ಸುತ್ತಲು ಹೊರಟೆವು. ಒಬ್ಬ ನನ್ನ ಕೋಣೆಯ ಜೊತೆಗಾರ, ಕಟ್ಟಡ ವಿನ್ಯಾಸ ಓದುವವನು. ಜೇಬಿನಲ್ಲಿ ಟೇಪು ಇಟ್ಟುಕೊಂಡು ಕಂಡದ್ದನ್ನೆಲ್ಲ ಅಳೆಯುತ್ತಾನೆ, ಹಾಗಾಗಿ ಅವನ ಹೆಸರೇ ಮೊಳ. ಇನ್ನೊಬ್ಬಳು ನರ್ಸಿಂಗ್ ಓದುವ ಹುಡುಗಿ. ಭೂಪಟ ಬೇಡ, ನಮ್ಮಜ್ಜನ ಮಾತೇ ಭೂಪಟ ಎಂದು ನಾನು ಇಬ್ಬರಿಗೂ ಜಂಬ ಕೊಚ್ಚಿದ್ದೆ. ಐದು ವರ್ಷದವನಿದ್ದಾಗಿನಿಂದ ನಿಮ್ಮ ತೊಡೆಯ ಮೇಲೆ ಕೂತು ಬಾಯಿಪಾಠ ಮಾಡಿದ್ದಲ್ಲವೆ? ಸ್ಟೇಷನ್ನಿನಿಂದ ಹೊರಗೆ ಬಂದರೆ ಎಡಕ್ಕೆ ಗಂಟೆ ಗೋಪುರ, ಬಲಕ್ಕೆ ನದಿ. ಹೊರಗೆ ಬಂದು ಎಡಕ್ಕೆ ತಿರುಗಿದರೆ, ಅಜ್ಜಾ, ನದಿ! ಗೋಪುರ ಬೆನ್ನ ಹಿಂದೆ ಬಲಗಡೆ ನಿಂತು ನನ್ನನ್ನು ನೋಡುತ್ತಿತ್ತು. ಬೇರೆ ಬಾಗಿಲಿನಿಂದ ಬಂದಿರಬೇಕು ಅಂದುಕೊಂಡೆ. ಸ್ಟೇಷನ್ನಿಗೆ ಇರುವುದು ಒಂದೇ ಬಾಗಿಲು.

ಗೋಪುರಕ್ಕೆ ಮುನ್ನೂರ ಹನ್ನೆರಡು ಮೆಟ್ಟಿಲು, ಒಂದೇ ಉಸಿರಿಗೆ ಹತ್ತಿದೆ ಎನ್ನುತ್ತಿದ್ದಿರಿ. ನಾವು ಎಣಿಸಿಕೊಂಡೇ ಹತ್ತಿದೆವು. ತೊಂಬತ್ತನಾಲ್ಕಕ್ಕೆ ಗೋಪುರ ಮುಗಿಯಿತು. ಉಳಿದ ಇನ್ನೂರ ಹದಿನೆಂಟನ್ನು ನಿಮ್ಮಜ್ಜ ಆಕಾಶದಲ್ಲಿ ಹತ್ತಿರಬೇಕು ಎಂದು ಹುಡುಗಿ ನಕ್ಕಳು. ಅಲ್ಲಿಂದ ಚೌಕಕ್ಕೆ ಬಂದೆವು. ಕುದುರೆಯ ಮೇಲಿನ ಎಡಚ ಸೇನಾಪತಿ ನೆನಪಿದ್ದಾನಲ್ಲ? ಎಡಗೈಯಲ್ಲಿ ಕತ್ತಿ ಹಿಡಿದೇ ಯುದ್ಧ ಗೆದ್ದವನು, ಯಾರ ಏಟಿಗೂ ಸಿಗದವನು ಎಂದು ನೀವು ಕುರ್ಚಿಯ ಮೇಲೆ ಕೂತು ಕತ್ತಿ ಬೀಸಿ ತೋರಿಸುತ್ತಿದ್ದಿರಿ. ಅಜ್ಜಾ, ಆ ಪುಣ್ಯಾತ್ಮ ಬಲಗೈಯಲ್ಲಿ ಕತ್ತಿ ಹಿಡಿದಿದ್ದಾನೆ. ಮೊಳ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು. "ನಿಮ್ಮಜ್ಜ ಹೇಳಿದ್ದನ್ನೆಲ್ಲ ಉಲ್ಟಾ ಮಾಡ್ಕೊಂಡು ನಡೆಯೋಣ, ಏನಾಗುತ್ತೋ ನೋಡೇಬಿಡೋಣ" ಅಂದ ಅವನು. ಹಾಗೆ ನಡೆದೆವು. ಸೇತುವೆ, ಮೀನಿನ ಮಾರುಕಟ್ಟೆ, ಮೂರು ಕಮಾನಿನ ಬಾಗಿಲು, ಒಂದೊಂದೂ ಇರಬೇಕಾದಲ್ಲೇ ಸಿಕ್ಕವು. ಮಾರುಕಟ್ಟೆಯಲ್ಲಿ ಮೂಗು ಮುಚ್ಚಿಕೊಂಡು ನಿಂತಾಗ ಹೊಳೆಯಿತು, ನಿಮ್ಮ ಕಥೆಯ ಮಾರುಕಟ್ಟೆಯಲ್ಲಿ ಯಾವತ್ತೂ ವಾಸನೆಯಿರಲಿಲ್ಲ.

ಕಡೆಗೆ ಕಾಲು ನೋಯುತ್ತಿದೆ ಎಂದು ವಸ್ತುಸಂಗ್ರಹಾಲಯ ಹೊಕ್ಕೆವು. ಹಳೆಯ ಕನ್ನಡಕ, ದುರ್ಬೀನುಗಳ ಕೋಣೆಯಲ್ಲಿ ಒಂದು ಮರದ ಪೆಟ್ಟಿಗೆ, ಅದರಲ್ಲಿ ಅಂಗೈಯಗಲದ ಹನ್ನೆರಡು ಗಾಜಿನ ಚಿತ್ರಗಳು, ಎಲ್ಲ ಈ ಊರಿನವೇ. ಕೋಣೆ ನೋಡಿಕೊಳ್ಳುವ ಹೆಂಗಸು ಒಳ್ಳೆಯವಳು, ಒಂದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಮಸೂರ ಎಷ್ಟು ಚೆನ್ನಾಗಿ ತೋರಿಸುತ್ತದೆ ಎಂದು ಗಿರಾಕಿಗಳಿಗೆ ಕಾಣಿಸಲು ಇಂಥ ಪೆಟ್ಟಿಗೆಗಳನ್ನು ದೂರದೂರದ ಬಂದರುಗಳ ಕನ್ನಡಕದ ಅಂಗಡಿಗಳಿಗೆ ಕಳಿಸುತ್ತಿದ್ದರಂತೆ. ಪ್ರತಿ ಗಾಜಿನ ಹಿಂಬದಿಗೆ ಕಾಗದದ ಚೀಟಿ ಅಂಟಿಸಿ ಕಾರ್ಖಾನೆಯ ಪಟ್ಟಿಯ ಸಂಖ್ಯೆ ಹಾಕಿದ್ದರು. "ತಿಳೀದೋರು ಈ ನಂಬರು ಕಾಣೋ ಹಾಗೆ ಹಿಡೀತಾರೆ. ಆಗ ಊರಿನ ಎಡ ಬಲ ಎಲ್ಲಾ ತಿರುಗಿಬಿಡುತ್ತೆ" ಎಂದು ತಿರುವಿ ತೋರಿಸಿದಳು. ಗೋಪುರ ಎಡಕ್ಕೆ ಬಂತು, ನದಿ ಬಲಕ್ಕೆ ಹೋಯಿತು. ಗೋಪುರದ ಚೀಟಿಯ ಮೇಲಿದ್ದ ಸಂಖ್ಯೆ ಮುನ್ನೂರ ಹನ್ನೆರಡು. ನಾನು ನಿಮ್ಮ ಕಥೆಗಳನ್ನು ಬೆರಳು ಮಡಿಸಿ ಎಣಿಸಿದೆ, ಸರಿಯಾಗಿ ಹನ್ನೆರಡು. ಹದಿಮೂರನೆಯದನ್ನು ನೀವು ಯಾವತ್ತೂ ಹೇಳಿಲ್ಲ.

ಬುರುಡೆ ಬಿಟ್ಟಿರಿ ಎಂದು ನನಗೆ ಸಿಟ್ಟಿಲ್ಲ. ಯಾರು ಬಿಡುವುದಿಲ್ಲ? ನಿಮ್ಮ ಮೇಲಿನ ಪ್ರೀತಿಯೂ ಹೋಗಿಲ್ಲ, ಹೋಗಿದ್ದರೆ ಈ ಪತ್ರ ಬರೆಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ. 'ವಿದೇಶದಲ್ಲಿ ತರಬೇತಿ ಪಡೆದವರು' ಎಂಬ ಅಂಗಡಿಯ ಬೋರ್ಡು ಬೇಕಾದರೆ ಹಾಗೇ ಇರಲಿ. ಆದರೆ ವಿದ್ಯಾರ್ಥಿನಿಲಯಕ್ಕೆ ಬರುವ ದಾರಿಯುದ್ದಕ್ಕೂ ಅಜ್ಜಿಯೇ ಕಣ್ಣ ಮುಂದೆ ಬಂದಳು. ಹಡಗು ಹತ್ತುವ ಮೊದಲು ಬಂದರಿನ ಕನ್ನಡಕದ ಅಂಗಡಿಯಲ್ಲಿ ಒಂದು ವಾರ ಕೆಲಸಕ್ಕಿದ್ದೆ ಎಂದು ನೀವೇ ಹೇಳಿದ್ದಿರಿ. ಹಡಗು ತಪ್ಪಿತೋ, ಹತ್ತಲು ಧೈರ್ಯ ಸಾಲಲಿಲ್ಲವೋ, ಆ ವಾರ ಎರಡು ವರ್ಷವಾಯಿತು. ಆ ಬಂದರು ನಮ್ಮೂರಿಗೆ ರೈಲಿನಲ್ಲಿ ಒಂದು ಹಗಲಿನ ದಾರಿ. ಅಪ್ಪನಿಗಿಂತ ಮೊದಲು ಹುಟ್ಟಿದ ಕೂಸು ಜ್ವರ ಬಂದು ಹೋದದ್ದು ಆ ಎರಡು ವರ್ಷದಲ್ಲೇ. ಒಂಬತ್ತು ದಿನ ಅಜ್ಜಿ ಒಬ್ಬಳೇ ಮಡಿಲಲ್ಲಿಟ್ಟುಕೊಂಡು ಕೂತಿದ್ದಳಂತೆ. ಯಾರಾದರೂ ಕೇಳಿದರೆ ಇವತ್ತಿಗೂ ಹೇಳುತ್ತಾಳೆ, "ಸಮುದ್ರದಾಚೆ ಇದ್ದೋರು ಹೇಗಪ್ಪಾ ಬರ್ತಾರೆ, ಪಾಪ." ನಿಮ್ಮನ್ನು ಪಾಪ ಎನ್ನುತ್ತಾಳೆ, ಅಜ್ಜಾ. ಅದನ್ನು ಕೇಳಿಯೂ ನೀವು ಊಟ ಮಾಡಿ ಏಳುತ್ತೀರಿ.

ಅಮ್ಮನಿಗೆ ನಾನು ಚೆನ್ನಾಗಿದ್ದೇನೆ ಎಂದು ತಿಳಿಸಿ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ಇಂತು ನಿಮ್ಮ ತೊಡೆಯ ಮೇಲೆ ಬೆಳೆದ
ಮೊಮ್ಮಗ

ತಾ.ಕ.: ಅಂಚೆಗೆ ಹೊತ್ತಾಯಿತು, ಚುಟುಕಾಗಿ ಹೇಳುತ್ತೇನೆ. ಅರ್ಜಿಗೆ ಸಹಿ ಹಾಕಿ ತಂಗಿಯ ಕೈಗೆ ಕೊಡಿ, ಹರಸಿ ಕೊಡಿ. ಕೊಟ್ಟರೆ ಮನೆಗೊಂದು ಪತ್ರ ಬರೆದು, ಅಜ್ಜ ಹೇಳಿದ ಊರೇ ಇದು, ಕಣ್ಣು ಕಟ್ಟಿ ಬಿಟ್ಟರೂ ದಾರಿ ತಪ್ಪುವುದಿಲ್ಲ ಎಂದು ಕೊಂಡಾಡುತ್ತೇನೆ. ನೀವು ಅದನ್ನು ನಡುಮನೆಯಲ್ಲಿ ಗಟ್ಟಿಯಾಗಿ ಓದಬಹುದು. ಹಾಗೆ ಬರೆದರೆ ಅಜ್ಜಿಗೆ ನಾನೂ ಮೋಸ ಮಾಡಿದಂತೆ ಎಂದು ಗೊತ್ತು. ತಂಗಿಗಾಗಿ ಮಾಡುತ್ತೇನೆ. ಸಹಿ ಹಾಕದಿದ್ದರೆ, ಇದೇ ಪತ್ರದ ಇನ್ನೊಂದು ಪ್ರತಿಯನ್ನು ಅಜ್ಜಿಯ ಹೆಸರಿಗೆ ಬರೆದು ಲಕೋಟೆಗೆ ಹಾಕಿಟ್ಟಿದ್ದೇನೆ. ಅವಳ ಕಣ್ಣು ಮಂಜಾಗಿದೆಯಲ್ಲ, ಅಕ್ಷರ ದಪ್ಪದಪ್ಪವಾಗಿ ಬಿಡಿಸಿ ಬರೆದಿದ್ದೇನೆ.