ಅರ್ಧವೋ, ಒಂದೂವರೆಯೋ?

ಆಸ್ಪತ್ರೆಯ ಆಡಳಿತಾಧಿಕಾರಿಗಳೇ,

ನೀವು ಗೋಡೆಗೆ ಅಂಟಿಸಿದ ಒಂದು ಇಂಗ್ಲಿಷ್ ವಾಕ್ಯ ನನ್ನ ಅಕ್ಕನ ದನಿಯನ್ನು ಕಿತ್ತುಕೊಂಡಿತು. ತಪ್ಪು ಅವಳದೇ ಎಂದು ನಿಮ್ಮ ವಿಚಾರಣೆ ತೀರ್ಮಾನಿಸಿದೆ. ಆದ್ದರಿಂದ ಈ ಪತ್ರವನ್ನು ನಿಮಗೆ ಬರೆದು, ಊರಿಗೆಲ್ಲ ಓದಲು ಕೊಡುತ್ತಿದ್ದೇನೆ.

ಅಕ್ಕ ನಿಮ್ಮಲ್ಲಿ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಯಂತ್ರಗಳ ಗದ್ದಲವನ್ನೂ ಮೀರಿ ಅವಳ ನಗು ಹೊರಗಿನ ಓಣಿಗೆ ಕೇಳುತ್ತಿತ್ತು. ಮೊದಲಿನದಕ್ಕಿಂತ ತೀಕ್ಷ್ಣವಾದ ಬ್ಲೀಚ್ ಬಂದಾಗ ನಿಮ್ಮ ಕಚೇರಿ ಸೂಚನೆ ಕೊಟ್ಟಿತು: ನೀರು ಮೊದಲಿನದಕ್ಕಿಂತ ‘ಹಾಫ್ ಆಸ್ ಮಚ್ ಎಗೇನ್’ ಇರಬೇಕು. ಅಂದರೆ ಮೊದಲಿನಷ್ಟು, ಅದರ ಮೇಲೆ ಇನ್ನರ್ಧ. ಒಟ್ಟು ಒಂದೂವರೆ ಪಟ್ಟು. ಇದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ, ನಿಘಂಟು ತಿರುವಿ ಹಾಕಿದಾಗ.

“ಅಕ್ಕಾ, ಹಾಫ್ ಅಂದ್ರೆ ಅರ್ಧ ತಾನೇ?” ಎಂದು ಜೊತೆಯವಳು ಕೇಳಿದಳಂತೆ.

“ಅರ್ಧಾನೇ ಕಣೇ, ಇನ್ನೇನು? ಎಗೇನ್ ಅಂದ್ರೆ ಪ್ರತಿ ಸಲಾನೂ ಹಾಗೇ ಹಾಕಿ ಅಂತ.”

ಅರ್ಧ ನೀರು ಹಾಕಿದರು. ಕೋಣೆಯ ತುಂಬ ಘಾಟು ಎದ್ದಿತು. “ಬಸುರಿ ನೀನು, ಮೊದ್ಲು ಹೊರಗೆ ಹೋಗು!” ಎಂದು ಜೊತೆಯವಳನ್ನು ಬಾಗಿಲಾಚೆ ತಳ್ಳಿ, ತೊಟ್ಟಿಯ ಮುಚ್ಚಳ ಹಾಕಲು ಅಕ್ಕ ಒಳಗೇ ಉಳಿದಳು. ಆ ಘಾಟಿಗೆ ಗಂಟಲು ಸುಟ್ಟಿತು; ಅವಳು ಗಟ್ಟಿಯಾಗಿ ಆಡಿದ ಕೊನೆಯ ಮಾತು ಅದು.

ವಿಚಾರಣೆಯ ದಿನ ನಾನೂ ಅವಳ ಪಕ್ಕದಲ್ಲಿದ್ದೆ. “ಅರ್ಧ ಅಂತಾನೇ ಅಲ್ವಾ ಇದು?” ಎಂದರು ನಿಮ್ಮ ಸದಸ್ಯರೊಬ್ಬರು. “ಇಲ್ಲ ಸಾರ್, ಒಂದೂವರೆ ಇರ್ಬೇಕು,” ಎಂದರು ಇನ್ನೊಬ್ಬರು. ತಂಪು ಕೋಣೆಯಲ್ಲಿ ಕುಳಿತ ಪದವೀಧರರಿಗೇ ಬಗೆಹರಿಯದ ಲೆಕ್ಕ, ಹಬೆಯಲ್ಲಿ ನಿಂತವಳಿಗೆ ಹೊಳೆಯಬೇಕಿತ್ತೇ? ಕೊನೆಗೆ ನೀವು, “ವಾಕ್ಯ ವ್ಯಾಕರಣಬದ್ಧವಾಗಿದೆ” ಎಂದು ಎದ್ದುಬಿಟ್ಟಿರಿ. ವ್ಯಾಕರಣಕ್ಕೆ ಏನೂ ಆಗಲಿಲ್ಲವಲ್ಲ, ಸಂತೋಷ.

ಈಗ ಅಕ್ಕ ಮಗಳನ್ನು ಚಪ್ಪಾಳೆ ತಟ್ಟಿ ಕರೆಯುತ್ತಾಳೆ. ಮಗು ಬೆನ್ನು ತಿರುಗಿಸಿ ಆಡುವುದನ್ನೇ ಬಿಟ್ಟಿದೆ. ಅಮ್ಮನ ತುಟಿ ಕಾಣುವಲ್ಲೇ ಕೂರುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ. ಒಂದು ಜಗ್ ಬ್ಲೀಚಿಗೆ ಇಷ್ಟು ಜಗ್ ನೀರು ಎಂದು, ಬಳಸುವವರ ಭಾಷೆಯಲ್ಲಿ ಬರೆಯಿರಿ. ಆಮೇಲೆ ನಿಮ್ಮ ವರದಿಯ ಒಂದು ಸಾಲು ಅಳಿಸಿರಿ. ‘ಮೇಲ್ವಿಚಾರಕಿ ಆರೋಪಕ್ಕೆ ಉತ್ತರ ನೀಡಲಿಲ್ಲ’ ಎಂದು ಬರೆದಿದ್ದೀರಿ. ಅವಳು ಉತ್ತರ ಕೊಟ್ಟಳು, ಸ್ವಾಮಿ. ಎದ್ದು ನಿಂತು, ಮೇಜು ಹಿಡಿದುಕೊಂಡು, ಬಹಳ ಹೊತ್ತು ಮಾತಾಡಿದಳು. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು.

ಇಂತಿ,
ಗಂಟಲು ಇನ್ನೂ ನೆಟ್ಟಗಿರುವ ತಂಗಿ