ತೊಳೆದ ಮರಿ

ಹುಲಿಕುಂಟೆ, ಶಿರಾ ತಾಲ್ಲೂಕು
ಮಂಗಳವಾರ

ಅಮ್ಮಾ,

ಫೋನಿನಲ್ಲಿ ಹೇಳಹೊರಟರೆ ಅಳು ಬರುತ್ತದೆ, ಅದಕ್ಕೇ ಈ ಕಾರ್ಡು. ಕುರಿ ತನ್ನ ಮರಿಯನ್ನು ನೋಡಿ ಗುರುತಿಸುತ್ತದೋ, ಮೂಸಿ ಗುರುತಿಸುತ್ತದೋ ಎಂಬುದು ನಮ್ಮ ಸಂಶೋಧನೆ. ಇವತ್ತು ಬೆಳಿಗ್ಗೆ ಚನ್ನಮಲ್ಲಮ್ಮನವರ ಕುರಿರೊಪ್ಪದಲ್ಲಿ ಒಂದು ಕುರಿ ಮರಿ ಹಾಕಿತು. ಅದು ನೆಕ್ಕುವ ಮೊದಲೇ ನಾನು ಮರಿಯನ್ನು ಎತ್ತಿಕೊಂಡು ಸೋಪು ಹಚ್ಚಿ ತೊಳೆದೆ, ಮಧ್ಯಾಹ್ನ ತಂದು ಬಿಟ್ಟೆ. ಕುರಿ ಮೂಸಿ ನೋಡಿ ಗುಮ್ಮಿ ಕೆಡವಿತು. ಆಮೇಲೆ ಮರಿಗಾಗಿ ರೊಪ್ಪದ ತುಂಬ ಅರಚುತ್ತ ಹುಡುಕಿತು. ಮರಿ ಅದರ ಕಾಲ ಬುಡದಲ್ಲೇ ಇತ್ತು! ಚನ್ನಮಲ್ಲಮ್ಮ ಮರಿಯ ಮೈಗೆ ಉಪ್ಪು ಸವರಿದರು. ಕುರಿ ಉಪ್ಪನ್ನಷ್ಟೇ ನೆಕ್ಕಿ ಮುಗಿಸಿ ಮತ್ತೆ ಒದೆಯಿತು. "ಇದು ನಿನ್ ಮರಿನೇ ಅಂತ ಅದ್ಕೆ ಹೆಂಗ್ ಹೇಳಾದು ಕಣಮ್ಮ?" ಎಂದು ಅವರು ಕೂತುಬಿಟ್ಟರು. ನನ್ನ ಜೊತೆ ಕೆಲಸ ಮಾಡುವ ನದೀಮ್ "ರಿಸಲ್ಟ್ ಚೆನ್ನಾಗೈತೆ ಮೇಡಂ" ಎನ್ನುತ್ತ ವಿಡಿಯೊ ಮಾಡಿಕೊಂಡ. ಬಾಟಲಿ ಹಾಲು ಹಿಡಿದರೂ ಮರಿ ಕುಡಿಯುತ್ತಿಲ್ಲ. ಉಳಿಯುವುದಿಲ್ಲ.

ನನಗೆ ಜ್ವರ ಬಿಟ್ಟಿದೆ. ಎದೆಹಾಲು ಪೂರ್ತಿ ಬತ್ತಿಹೋಯಿತು, ಇನ್ನು ಲೇಹ್ಯ ಕಳಿಸಬೇಡ. ನಿನ್ನೆ ವಿಡಿಯೊ ಕಾಲ್‌ನಲ್ಲಿ ನನ್ನ ಪುಟ್ಟಿ ನನ್ನನ್ನೇ ನೋಡಿ ಕಿರುಚಿ ನಿನ್ನ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳಲ್ಲ, ಅವಳನ್ನು ಬಯ್ಯಬೇಡ. ನಾನು ಬಿಟ್ಟುಬಂದ ಹಸಿರು ನೈಟಿ ಬಾಗಿಲ ಹಿಂದೆ ನೇತಾಡುತ್ತಿರಬೇಕು. ಅದನ್ನು ಅವಳ ತೊಟ್ಟಿಲಿಗೆ ಹಾಸು, ಒಗೆಯಬೇಡ. ಆದರೆ ನೀನು ಎಂಥವಳೆಂದು ನನಗೆ ಗೊತ್ತಿಲ್ಲವೇ? ನಾನು ಬಸ್ಸು ಹತ್ತಿದ ದಿನವೇ ಅದನ್ನು ಬಿಸಿನೀರಲ್ಲಿ ನೆನೆಹಾಕಿರುತ್ತೀಯ.

ಚೇತನಾ